ಮಿಲಿಟರಿ ಜೀಪು ಅಂತ ನಂಬಿ ರಿಮ್ ತಗೋಬೇಡಿ

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅಜ್ಜನ ಕಾಲದ ಜೀಪು ಒಂದಿದೆ. ಊರಲ್ಲಿ ಎಲ್ಲರೂ ಅದನ್ನು 'ಮಿಲಿಟರಿ ಜೀಪು' ಅಂತಲೇ ಕರೆಯುತ್ತಾರೆ. ಆರ್‌ಸಿಯಲ್ಲಿ 1962 ಅಂತಿದೆ. ಹದಿನೈದು ವರ್ಷದ ಹಿಂದೆ ಚಿಕ್ಕಪ್ಪ ಅದಕ್ಕೆ 15 ಇಂಚಿನ ಅಗಲದ ಅಲಾಯ್ ವೀಲ್, 31 ಇಂಚು ಎತ್ತರದ ದಪ್ಪ ಟಯರ್ ಹಾಕಿಸಿದರು. ಮೊದಲು ಹೇಗಿತ್ತೋ ಹಾಗೆ ಮಾಡಿಸಬೇಕು ಅಂತ ನನ್ನ ಆಸೆ. ಒಬ್ಬರು ಐದು 'ಕಾಂಬ್ಯಾಟ್ ರಿಮ್' ಕೊಡ್ತೀನಿ ಅಂತಿದ್ದಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ತಗೊಳ್ಳಲೇ? ಟಯರ್ ಎಲ್ಲಿ ಹುಡುಕಲಿ? ಟ್ರ್ಯಾಕ್ಟರ್ ಟಯರ್ ಅಂಗಡಿಯಲ್ಲಿ ಅದೇ ಸೈಜ್ ನೋಡಿದೆ, ಹಾಕಬಹುದಾ? ಇನ್ನೊಂದು, ಶೆಡ್ಡಿನಲ್ಲಿ ಹಳೆ ಟಾಟಾ ಮರ್ಸಿಡಿಸ್ ಲಾರಿ ಇಪ್ಪತ್ತು ವರ್ಷದಿಂದ ನಿಂತಿದೆ. ಟಯರ್ ಮೇಲೆ 8.25-20 ಅಂತಿದೆ. ಗಾಳಿ ತುಂಬಿಸಿ ಒಮ್ಮೆ ಹೊರಗೆ ಎಳೆಸೋಣ ಅಂತಿದ್ದೇನೆ.

ಉತ್ತರ: ಎರಡು ಕೆಲಸ ಇವತ್ತೇ ನಿಲ್ಲಿಸಿ. ಕಾಂಬ್ಯಾಟ್ ರಿಮ್‌ಗೆ ಅಡ್ವಾನ್ಸ್ ಕೊಡಬೇಡಿ. ಲಾರಿ ಟಯರಿಗೆ ಗಾಳಿ ತುಂಬಿಸಬೇಡಿ. ಮೊದಲನೆಯದರಲ್ಲಿ ಹೋಗುವುದು ದುಡ್ಡು ಮಾತ್ರ. ಎರಡನೆಯದರಲ್ಲಿ ಪ್ರಾಣ ಹೋಗಬಹುದು. ಲಾರಿಯ ಮಾತು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ಅದರ ಹತ್ತಿರ ಕಂಪ್ರೆಸರ್ ಹೋಗದಿರಲಿ.

ಮಲೆನಾಡು, ಕೊಡಗಿನಲ್ಲಿ ನಾನು ನೋಡಿದ ಪ್ರತಿ ಹಳೆ ಜೀಪೂ 'ಮಿಲಿಟರಿ ಜೀಪೇ'. ಅಜ್ಜಂದಿರು ಹಾಗೆ ಹೇಳಿದ್ದಾರೆ, ಮೊಮ್ಮಕ್ಕಳು ನಂಬಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸೇನೆ ತನಗೆ ಬೇಡವಾದ ಗಾಡಿ ಮಾರುವ ಡಿಸ್ಪೋಸಲ್‌ನಲ್ಲಿ ತಂದ ಜೀಪುಗಳು ನಿಜವಾಗಿ ಇದ್ದವು, ಇಲ್ಲ ಅನ್ನುತ್ತಿಲ್ಲ. ಆದರೆ ತೋಟಗಳಲ್ಲಿ ಉಳಿದಿರುವವುಗಳಲ್ಲಿ ಹೆಚ್ಚಿನವು ಮಹೀಂದ್ರದವು. ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲೇ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಇಲ್ಲಿ ಜೋಡಿಸಲು ಶುರುಮಾಡಿತು. ನಿಮ್ಮ ಆರ್‌ಸಿಯ 1962 ನಿಜವೇ ಆಗಿದ್ದರೆ ನಿಮ್ಮದು ಸಿಜೆ-3ಬಿ ಇರಬೇಕು. ಸಿಜೆ ಅಂದರೆ ಸಿವಿಲಿಯನ್ ಜೀಪ್, ಸೇನೆಗಲ್ಲ, ಸಾಮಾನ್ಯ ಜನರಿಗೆ ಮಾಡಿದ್ದು. ಆರ್‌ಸಿಯ ವರ್ಷವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಡಿಸ್ಪೋಸಲ್ ಗಾಡಿ ಎಷ್ಟೋ ವರ್ಷ ತಡವಾಗಿ ನೋಂದಣಿ ಆಗಿರಬಹುದು. ಅದಕ್ಕೇ ಗಾಡಿಯನ್ನೇ ಕೇಳಬೇಕು.

ಗಾಡಿಯ ಮುಂದೆ ನಿಂತು ಗ್ರಿಲ್ಲಿನ ಸೀಳುಗಳನ್ನು ಎಣಿಸಿ. ಯುದ್ಧಕಾಲದ ವಿಲ್ಲಿಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯುಗೆ ಒಂಬತ್ತು ಸೀಳು. ಹೆಡ್‌ಲೈಟ್ ಚಿಕ್ಕದು, ಗ್ರಿಲ್ಲಿನ ಒಳಗೆ ಕೂತಿರುತ್ತದೆ. ಸಿಜೆಗೆ ಏಳು ಸೀಳು, ಹೆಡ್‌ಲೈಟ್ ದೊಡ್ಡದು, ಮುಂದಕ್ಕೆ ಚಾಚಿಕೊಂಡಿರುತ್ತದೆ. ಇನ್ನು ಸಿಜೆ-3ಬಿಯನ್ನು ದೂರದಿಂದಲೇ ಹೇಳಬಹುದು. ಬಾನೆಟ್ ಎತ್ತರ ಜಾಸ್ತಿ, ಯಾರೋ ಕೆಳಗಿನಿಂದ ಜ್ಯಾಕ್ ಕೊಟ್ಟ ಹಾಗೆ. ವಿಲ್ಲಿಸ್ 1953ರಲ್ಲಿ ಎತ್ತರದ ಹರಿಕೇನ್ ಎಂಜಿನನ್ನು ಅದರಲ್ಲಿ ಕೂರಿಸಬೇಕಾಗಿತ್ತು, ಹಳೆ ಬಾನೆಟ್ಟಿನ ಕೆಳಗೆ ಅದು ಹಿಡಿಸಲಿಲ್ಲ. ಹಿಂದೆ ಹೋಗಿ ನೋಡಿ. ತೆರೆಯುವ ಟೈಲ್‌ಗೇಟ್ ಇದ್ದರೆ ಸಿಜೆ. ಯುದ್ಧದ ಜೀಪಿಗೆ ಟೈಲ್‌ಗೇಟ್ ಇರಲಿಲ್ಲ, ಹಿಂದಿನ ತಗಡಿನ ಮೇಲೆ ಸ್ಟೆಪ್ನಿ ಇತ್ತು. ಸ್ಟಿಯರಿಂಗ್ ಎಡಕ್ಕಿತ್ತು.

ಇಷ್ಟೆಲ್ಲ ನೋಡಿಯೂ ಅದು ಯುದ್ಧದ ಜೀಪೇ ಅನ್ನಿಸಿದರೆ ಇನ್ನೊಂದು ಗುರುತು ಇದೆ. ಬಾಡಿ ಬದಲಾಗಿರಬಹುದು, ಚಾಸಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. ರೇಡಿಯೇಟರ್ ಕೆಳಗೆ ಮಲಗಿ ಚಾಸಿಯ ಮುಂದಿನ ಅಡ್ಡಪಟ್ಟಿ ನೋಡಿ. ದುಂಡಗೆ ಪೈಪಿನ ಹಾಗಿದ್ದರೆ ವಿಲ್ಲಿಸ್ ಎಂಬಿ. ಬೋರಲು ಹಾಕಿದ ಚಾನೆಲ್ ಹಾಗಿದ್ದರೆ ಫೋರ್ಡ್. ಆಗ ಮಾತ್ರ ಕಾಂಬ್ಯಾಟ್ ರಿಮ್ ವಿಷಯ ಮಾತಾಡೋಣ.

ಕಾಂಬ್ಯಾಟ್ ರಿಮ್ ಅಂದರೆ ಏನು? ಎರಡು ಹೋಳಾಗಿ ಬರುವ ರಿಮ್. ಎಂಟು ಬೋಲ್ಟು ಆ ಎರಡು ಹೋಳುಗಳನ್ನು ಬಿಗಿಯುತ್ತವೆ. ಒಳಗೆ ಟಯರಿನ ಎರಡೂ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ ಉಕ್ಕಿನ ಪಟ್ಟಿ ಇರುತ್ತದೆ. ಗುಂಡು ತಗುಲಿ ಗಾಳಿ ಹೋದರೂ ಟಯರ್ ಕಳಚದೆ ಗಾಡಿ ಒಂದಷ್ಟು ದೂರ ಓಡಲಿ ಅಂತ ಈ ಏರ್ಪಾಡು. 1941ರ ಮತ್ತು 42ರ ಆರಂಭದ ಯುದ್ಧಜೀಪುಗಳಿಗೆ ಇದೂ ಇರಲಿಲ್ಲ, ಹೋಳಿಲ್ಲದ ಸಾದಾ ಉಕ್ಕಿನ ಚಕ್ರ, ಅಂದರೆ ಡಿಸ್ಕೇ ಇತ್ತು. ಯುದ್ಧ ಮುಗಿದು ರೈತರಿಗೆಂದು ಸಿಜೆ-2ಎ ತಯಾರಾದಾಗ ಮತ್ತೆ ಸಾದಾ ಡಿಸ್ಕ್ ಬಂತು. ಹೊಲ ಉಳುವವನ ಮೇಲೆ ಯಾರು ಗುಂಡು ಹಾರಿಸುತ್ತಾರೆ? ಅಂದರೆ 1962ರ ಸಿಜೆ-3ಬಿಗೆ ಕಾಂಬ್ಯಾಟ್ ರಿಮ್ ಹಾಕುವುದು, ನಿಮ್ಮ ಅಜ್ಜನ ಮದುವೆ ಫೋಟೊದಲ್ಲಿ ಅವರ ತಲೆ ಮೇಲೆ ಮಿಲಿಟರಿ ಟೋಪಿ ಅಂಟಿಸಿದ ಹಾಗೆ. ನೋಡೋಕೆ ಚೆನ್ನಾಗಿರುತ್ತದೆ, ನಿಜ ಅಲ್ಲ. ಈಗ ಈ ರಿಮ್ಮಿನ ನಕಲುಗಳನ್ನೂ ಹೊಸದಾಗಿ ಮಾಡುತ್ತಾರೆ. ತುಕ್ಕು ಹಿಡಿಸಿ ಹಳೆಯದು ಅಂತ ಮಾರಿದರೆ ಮೊದಲ ನೋಟಕ್ಕೆ ಗೊತ್ತಾಗುವುದಿಲ್ಲ.

ಯಾರಾದರೂ ಕಾಂಬ್ಯಾಟ್ ರಿಮ್ ತಂದೇ ತಂದರೆ ಒಂದು ಮಾತು ನೆನಪಿರಲಿ. ಗಾಳಿ ಇರುವಾಗ ಆ ಎಂಟು ನಟ್ ಮುಟ್ಟಬಾರದು. ಗಾಡಿಯಿಂದ ಚಕ್ರ ಕಳಚಲು ಬಿಚ್ಚಬೇಕಾದ್ದು ನಡುವಿನ ಐದು ನಟ್. ಗೊತ್ತಿಲ್ಲದ ಹುಡುಗ ಎಂಟನ್ನು ಬಿಚ್ಚಿದರೆ ಎರಡು ಹೋಳೂ ಸಿಡಿದು ಬೇರೆಯಾಗುತ್ತವೆ.

ನಿಮ್ಮ ಜೀಪಿಗೆ ಬೇಕಾದ್ದು 16 ಇಂಚಿನ, ನಾಲ್ಕೂವರೆ ಇಂಚು ಅಗಲದ ಉಕ್ಕಿನ ಸಾದಾ ಡಿಸ್ಕ್. ಅದಕ್ಕೆ 6.00-16 ಟಯರ್, ಟ್ಯೂಬ್ ಸಮೇತ. ಐದು ಸ್ಟಡ್ಡಿನದು (ಚಕ್ರದ ನಟ್ ಕೂರುವ ಬೋಲ್ಟು), ಸ್ಟಡ್ಡುಗಳು ಕೂತಿರುವ ವೃತ್ತದ ವ್ಯಾಸ ಐದೂವರೆ ಇಂಚು, ಅಂದರೆ 139.7 ಮಿಲಿಮೀಟರ್. ಈ ಲೆಕ್ಕ ಹಳೆ ಫೋರ್ಡ್ ಕಾರುಗಳಿಂದ ಹಿಡಿದು ಮಾರುತಿ ಜಿಪ್ಸಿ, ಬೊಲೆರೊವರೆಗೂ ಬಂದಿದೆ. ಹಳೆ ಜೀಪುಗಳ ಚಕ್ರ ಇಷ್ಟೊಂದು ಬದಲಾಗಿರುವುದಕ್ಕೆ ಇದೇ ಕಾರಣ. ಯಾವುದು ಕೈಗೆ ಸಿಕ್ಕಿದರೂ ಕೂತುಬಿಡುತ್ತದೆ. ಕೂತ ಮಾತ್ರಕ್ಕೆ ಸರಿ ಅಂತಲ್ಲ.

ಅಳತೆ ತೆಗೆಯಲು ದೊಡ್ಡ ಉಪಕರಣ ಬೇಡ. ಐದು ಸ್ಟಡ್ಡಿನಲ್ಲಿ ಎದುರುಬದುರು ಸ್ಟಡ್ ಇರುವುದಿಲ್ಲ, ಹಾಗಾಗಿ ವೃತ್ತವನ್ನು ನೇರವಾಗಿ ಅಳೆಯಲು ಬರುವುದಿಲ್ಲ. ಪಕ್ಕಪಕ್ಕದ ಎರಡು ತೂತುಗಳ ನಡು ಬಿಂದುವಿನಿಂದ ನಡು ಬಿಂದುವಿಗೆ ಅಳೆಯಿರಿ. ಅದನ್ನು 1.7ರಿಂದ ಗುಣಿಸಿ. ಜೀಪಿನ ಡಿಸ್ಕ್ ಆದರೆ 82 ಮಿಲಿಮೀಟರ್ ಬರುತ್ತದೆ, ಗುಣಿಸಿದರೆ 139ರ ಆಸುಪಾಸು. ಗುಜರಿಗೆ ಹೋಗುವಾಗ ಒಂದು ರಟ್ಟಿನಲ್ಲಿ ಈ ಐದು ತೂತು ಕೊರೆದುಕೊಂಡು ಹೋಗಿ. ನಾನು ಈಗಲೂ ಹಾಗೇ ಮಾಡುವುದು.

ರಿಮ್ಮಿನ ಅಗಲವನ್ನು ಹೊರಗಿನ ಅಂಚಿನಿಂದ ಅಂಚಿಗೆ ಅಳೆಯುವುದು ಎಲ್ಲರೂ ಮಾಡುವ ತಪ್ಪು. ಟಯರಿನ ಅಂಚು ಕೂರುವ ಒಳ ಜಾಗವನ್ನು ಅಳೆಯಬೇಕು. ನಾಲ್ಕೂವರೆ ಇಂಚು ಅಂದರೆ ಒಳಗೆ 114 ಮಿಲಿಮೀಟರ್. ಹೊರಗಿನಿಂದ ಅಳೆದರೆ ಸುಮಾರು ಒಂದು ಇಂಚು ಜಾಸ್ತಿ ಬರುತ್ತದೆ. ಮಾರುವವರು ಅದನ್ನೇ ಹೇಳುತ್ತಾರೆ. ಆಮೇಲೆ ಡಿಸ್ಕನ್ನು ಮುಖ ಕೆಳಗಾಗಿ ಮಲಗಿಸಿ, ಹಿಂಬದಿಯ ಅಂಚಿನ ಮೇಲೆ ಒಂದು ನೇರ ಕೋಲು ಇಟ್ಟು, ಕೋಲಿನಿಂದ ಸ್ಟಡ್ ತೂತಿನ ಮಟ್ಟದವರೆಗೆ ಎಷ್ಟು ಆಳ ಅಂತ ಅಳೆಯಿರಿ. ಐದೂ ಡಿಸ್ಕಿನಲ್ಲಿ ಒಂದೇ ಬರಬೇಕು. ಮಹೀಂದ್ರದ ನಂತರದ ಗಾಡಿಗಳಲ್ಲೂ 16 ಇಂಚಿನ ಡಿಸ್ಕ್ ಬಂದಿವೆ. ಕಣ್ಣಿಗೆ ಒಂದೇ ತರ, ಈ ಆಳ ಬೇರೆ ಇರಬಹುದು. ಒಂದು ಸಲ ನಾನೇ ಮೂರು ಒಂದು ತರದ್ದು, ಎರಡು ಇನ್ನೊಂದು ತರದ್ದು ತಂದು ಪೇಂಟ್ ಮಾಡಿಸಿ ಹಾಕಿದ್ದೆ. ಗಾಡಿ ಹಿಂದಿನಿಂದ ನೋಡಿದವನೊಬ್ಬ, "ಯಾಕಣ್ಣಾ, ಒಂದು ಕಾಲು ಹೊರಗಿದೆ?" ಅಂದ. ಆಗಲೇ ನನಗೆ ಗೊತ್ತಾಗಿದ್ದು.

ಇನ್ನು ಎಲ್ಲಿ ಹುಡುಕುವುದು. ಪೇಟೆಗೆ ಹೋಗುವ ಮೊದಲು ನಿಮ್ಮ ಮನೆಯನ್ನೇ ಹುಡುಕಿ. ತಮಾಷೆಗೆ ಹೇಳುತ್ತಿಲ್ಲ. ನಾಲ್ಕು ಚಕ್ರ ಬದಲಾಯಿಸಿದವರು ಐದನೆಯದನ್ನು ಎಲ್ಲೋ ಬಿಸಾಕಿರುತ್ತಾರೆ. ಹಳೆ ಸ್ಟೆಪ್ನಿ ಅಟ್ಟದ ಮೇಲೆ, ಪಂಪ್‌ಹೌಸಿನಲ್ಲಿ, ಡ್ರೈಯಿಂಗ್ ಯಾರ್ಡ್ ಪಕ್ಕದ ಕೊಟ್ಟಿಗೆಯಲ್ಲಿ ಇರುತ್ತದೆ. ಆ ಒಂದು ಡಿಸ್ಕ್ ಸಿಕ್ಕಿದರೆ ಬಂಗಾರ ಸಿಕ್ಕಿದ ಹಾಗೆ. ಯಾಕೆಂದರೆ ಅದು ನಿಮ್ಮ ಗಾಡಿಯದೇ, ಉಳಿದ ನಾಲ್ಕಕ್ಕೆ ಅದೇ ಅಳತೆಗೋಲು. ಮುಂದೆ ಜೀಪಿನ ಟ್ರೇಲರ್ ನೋಡಿ. ಜೀಪಿನ ಟ್ರೇಲರಿಗೆ ಜೀಪಿನ ಚಕ್ರವೇ ಇರುತ್ತಿತ್ತು, ಪಂಚರ್ ಆದರೆ ಒಂದೇ ಸ್ಟೆಪ್ನಿ ಸಾಕು ಅಂತ. ತೋಟಗಳಲ್ಲಿ ಗೊಬ್ಬರ ಹೊತ್ತು ಸವೆದ ಟ್ರೇಲರುಗಳ ಕೆಳಗೆ ಒಳ್ಳೊಳ್ಳೆ ಡಿಸ್ಕ್‌ಗಳು ಇನ್ನೂ ಇವೆ. ಅಕ್ಕಪಕ್ಕದ ತೋಟದವರನ್ನು ಕೇಳಿ. ಬದಲಿಗೆ ಹೊಸ ಡಿಸ್ಕ್ ಹಾಕಿಸಿಕೊಡ್ತೀನಿ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಆಲ್ಬಮ್ ಕೂಡ ತೆಗೆಯಿರಿ. ಜೀಪು ತಂದ ದಿನ ಹೂವಿನ ಹಾರ ಹಾಕಿ ಫೋಟೊ ತೆಗೆಸುವುದು ಆಗಿನ ರೂಢಿ. ಭೂತಗನ್ನಡಿ ಹಿಡಿದು ಚಕ್ರ ನೋಡಿ. ಡಿಸ್ಕಿನ ಆಕಾರ, ಟಯರಿನ ಗೆರೆ, ಚಕ್ರಕ್ಕೆ ಬಾಡಿಯ ಬಣ್ಣವೇ ಇತ್ತಾ ಬೇರೆಯಾ, ಎಲ್ಲವೂ ಅಲ್ಲಿರುತ್ತದೆ. ಕಪ್ಪು ಬಿಳುಪು ಫೋಟೊದಲ್ಲೂ ಬಣ್ಣ ಬೇರೆ ಅನ್ನುವುದು ತಿಳಿಯುತ್ತದೆ. ಮೊದಲ ಸಿಜೆ-2ಎಗಳಲ್ಲಿ ಹಸಿರು ಗಾಡಿಗೆ ಹಳದಿ ಚಕ್ರ, ಕಂದು ಗಾಡಿಗೆ ಕೆಂಪು ಚಕ್ರ ಬರುತ್ತಿತ್ತು ಅಂದರೆ ಈಗಿನವರು ನಂಬುವುದಿಲ್ಲ. ಎಲ್ಲಕ್ಕೂ ಮಿಲಿಟರಿ ಹಸಿರು ಬಳಿಯುವ ಚಾಳಿ ಆಮೇಲೆ ಬಂದಿದ್ದು.

ಇಷ್ಟಾದ ಮೇಲೂ ಸಿಗದಿದ್ದರೆ ಪೇಟೆ. ಬೆಂಗಳೂರಲ್ಲಿ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆ, ಚೆನ್ನೈಯಲ್ಲಿ ಪುದುಪೇಟೆ, ಕೊಯಮತ್ತೂರಿನಲ್ಲಿ ಉಕ್ಕಡಂ, ದೆಹಲಿಯಲ್ಲಿ ಮಾಯಾಪುರಿ. ಜೀಪಿಗೇ ಹೆಸರಾದ ಊರು ಹರಿಯಾಣದ ಮಂಡಿ ಡಬ್ವಾಲಿ. ಆದರೆ ಅಲ್ಲಿ ಹೆಚ್ಚಿನದು ಹೊಸ ರೂಪ ಕೊಡುವ ಕೆಲಸ. ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವವರು ಅಲ್ಲಿ ಬಾಯಿ ಬಿಟ್ಟು ಕೇಳಬೇಕು. ಗುಜರಿಗೆ ಬೆಳಗ್ಗೆ ಹೋಗಿ. 'ವಿಂಟೇಜ್' ಅನ್ನುವ ಪದ ಮಾತ್ರ ಬಾಯಿಂದ ಬರಬಾರದು. "ಟ್ರೇಲರಿಗೆ ಹಳೆ ಜೀಪ್ ಡಿಸ್ಕ್ ಬೇಕಿತ್ತು" ಅನ್ನಿ. ಅದೇ ಡಿಸ್ಕಿಗೆ ಬೆಲೆ ಅರ್ಧ ಆಗುತ್ತದೆ. ಡಿಸ್ಕಿನ ಮೇಲಿನ ಅಚ್ಚಿನ ಅಕ್ಷರಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ ಓದಿ. ಅಳತೆ ಅಲ್ಲೇ ಇರುತ್ತದೆ. ಚೆನ್ನೈ ಪಾಡಿಯ ವೀಲ್ಸ್ ಇಂಡಿಯಾ ಕಂಪನಿ 1960ರ ದಶಕದಿಂದ ಡಿಸ್ಕ್ ಮಾಡುತ್ತಿದೆ. ಹಾಗಾಗಿ ನಿಮ್ಮ ಕಾಲದ ಗಾಡಿಗೆ ಇಲ್ಲಿ ತಯಾರಾದ ಡಿಸ್ಕ್ ಸಿಕ್ಕಿದರೂ ಮುಖ ಸಣ್ಣದು ಮಾಡಿಕೊಳ್ಳಬೇಡಿ. ವಿದೇಶಿ ಅಚ್ಚು ಇದ್ದರೇ ಒರಿಜಿನಲ್ ಅನ್ನುವುದು ಭ್ರಮೆ.

ಕೈಗೆ ಬಂದ ಡಿಸ್ಕಿನಲ್ಲಿ ನಾನು ಮೊದಲು ನೋಡುವುದು ಸ್ಟಡ್ ತೂತು. ನಟ್ ಸಡಿಲ ಇಟ್ಟು ಓಡಿಸಿದ ಡಿಸ್ಕಿನಲ್ಲಿ ತೂತು ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಅದನ್ನು ಅಲ್ಲೇ ಇಟ್ಟು ಬನ್ನಿ, ವೆಲ್ಡಿಂಗ್ ಮಾಡಿ ತುಂಬಿಸ್ತೀನಿ ಅನ್ನುವವನ ಮಾತು ಕೇಳಬೇಡಿ. ತೂತಿನಿಂದ ತೂತಿಗೆ ಕೂದಲೆಳೆ ಬಿರುಕು ಇದೆಯಾ ನೋಡಿ. ಬಣ್ಣ ಬಳಿದಿದ್ದರೆ ಕೆರೆದು ನೋಡಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಟಯರ್ ಅಂಚು ಕೂರುವ ಜಾಗದಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಬೇಡ. ಮೇಲಿನ ತುಕ್ಕಿಗೆ ಹೆದರಬೇಡಿ, ಸ್ಯಾಂಡ್‌ಬ್ಲಾಸ್ಟ್ ಮಾಡಿಸಿದರೆ ಹೋಗುತ್ತದೆ. ಕೊನೆಗೆ ಮುಂದಿನ ಹಬ್ಬಿಗೆ ಹಾಕಿ, ಜ್ಯಾಕ್ ಕೊಟ್ಟು ತಿರುಗಿಸಿ, ರಿಮ್ಮಿನ ಅಂಚಿಗೆ ಒಂದು ಮೊಳೆ ಹಿಡಿಯಿರಿ. ಅಂಚು ಎರಡು ಮಿಲಿಮೀಟರಿಗಿಂತ ಜಾಸ್ತಿ ಒಳಗೆ ಹೊರಗೆ ಆಡಿದರೆ ನಾನು ಅದನ್ನು ಮುಂದೆ ಹಾಕುವುದಿಲ್ಲ. ಸ್ಟೆಪ್ನಿಗೆ ಇಟ್ಟುಕೊಳ್ಳುತ್ತೇನೆ.

ಅಲಾಯ್ ಬಿಚ್ಚುವಾಗ ಒಂದು ಎಚ್ಚರ. ಹಳೆ ಜೀಪಿನ ಎಡಗಡೆ ಎರಡು ಚಕ್ರದ ನಟ್ ಉಲ್ಟಾ ಥ್ರೆಡ್ಡಿನವು. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಸ್ಟಡ್ಡಿನ ತುದಿಯಲ್ಲಿ 'ಎಲ್' ಅಕ್ಷರ ಕೊರೆದಿರುತ್ತದೆ, ಗ್ರೀಸ್ ಒರೆಸಿದರೆ ಕಾಣುತ್ತದೆ. ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಯ ನಟ್ ಬಿಡುತ್ತಿಲ್ಲ ಅಂತ ಪಾನಾಕ್ಕೆ ಪೈಪ್ ಸಿಕ್ಕಿಸಿ ಇಬ್ಬರು ಹುಡುಗರು ಮೇಲೆ ಹತ್ತಿ ನಿಂತರು. ಮೂರು ಸ್ಟಡ್ ಮುರಿಯಿತು. ಅವರು ಇಷ್ಟು ಹೊತ್ತೂ ಬಿಗಿಯುತ್ತಿದ್ದರು! ನಾನು ಟೀ ಕುಡಿಯಲು ಹೋಗಿದ್ದೆ, ತಪ್ಪು ನನ್ನದೂ ಇದೆ. ಹಬ್ ಯಾವತ್ತಾದರೂ ಬದಲಾಗಿದ್ದರೆ ಎರಡೂ ಕಡೆ ಒಂದೇ ಥ್ರೆಡ್ ಇರಬಹುದು. ನೋಡಿ ಬಿಚ್ಚಿ.

ಈಗ ಟಯರ್. 6.00-16 ಅನ್ನುವುದನ್ನು ಮೊದಲು ಬಿಡಿಸೋಣ. ಟಯರಿನ ಅಗಲ ಸುಮಾರು ಆರು ಇಂಚು, ರಿಮ್ 16 ಇಂಚು. ಹಳೆ ಕ್ರಾಸ್‌ಪ್ಲೈ (ಒಳಗಿನ ನೂಲು ಓರೆಯಾಗಿ ಒಂದರ ಮೇಲೊಂದು ಹಾಯುವ) ಟಯರಿನಲ್ಲಿ ರಿಮ್ಮಿನಿಂದ ಮೇಲಿನ ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ. ಹಾಗಾಗಿ 16ಕ್ಕೆ ಮೇಲೊಂದು ಕೆಳಗೊಂದು ಆರು ಸೇರಿಸಿದರೆ 28 ಇಂಚು, ಗಾಳಿ ತುಂಬಿದಾಗ ಇನ್ನೂ ಸ್ವಲ್ಪ ಜಾಸ್ತಿ. ಚಿಕ್ಕಪ್ಪ ಹಾಕಿಸಿದ್ದು 31 ಇಂಚು. ಕಾಣೋದಕ್ಕೆ ಗತ್ತು, ಒಪ್ಪುತ್ತೇನೆ. ಆದರೆ ಈ ಜೀಪಿನ ಬ್ರೇಕ್ ಡ್ರಮ್ ಬರೀ ಒಂಬತ್ತು ಇಂಚಿನದು. ದೊಡ್ಡ ಚಕ್ರ ನಿಲ್ಲಿಸಲು ಅದಕ್ಕೆ ಜಾಸ್ತಿ ಶ್ರಮ. ಅಗಲ ರಿಮ್ ಹೊರಗೆ ಚಾಚಿದಷ್ಟೂ ಕಿಂಗ್‌ಪಿನ್ ಬೇರಿಂಗ್, ಸ್ಟಿಯರಿಂಗ್ ಜಾಯಿಂಟ್ ಎಲ್ಲ ಬೇಗ ಸವೆಯುತ್ತವೆ. ಸ್ಪೀಡೋಮೀಟರ್ 55 ತೋರಿಸುವಾಗ ನೀವು 60ರಲ್ಲಿ ಇರುತ್ತೀರಿ. ನಿಮ್ಮ ಜೀಪಿನ ಸ್ಟಿಯರಿಂಗ್ ಭಾರ ಇದ್ದರೆ, ಮುಂದಿನ ಚಕ್ರ ನಡುಗುತ್ತಿದ್ದರೆ, ಚಕ್ರ ಬದಲಾಯಿಸಿದ ಮೇಲೆ ಅರ್ಧ ಕಾಯಿಲೆ ತಾನಾಗೇ ಹೋಗುತ್ತದೆ. ಉಳಿದರ್ಧಕ್ಕೆ ಹೊಸ ಬೇರಿಂಗ್ ಬೇಕಾಗಬಹುದು.

ಟ್ರ್ಯಾಕ್ಟರ್ ಅಂಗಡಿಯಲ್ಲಿ ನೀವು ನೋಡಿದ್ದು ಸರಿ. ಟ್ರ್ಯಾಕ್ಟರಿನ ಮುಂದಿನ ಚಕ್ರಕ್ಕೆ ನಮ್ಮಲ್ಲಿ 6.00-16 ಬಹಳ ಓಡುವ ಸೈಜ್. ರಿಮ್ಮಿಗೆ ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ. ದಯವಿಟ್ಟು ಹಾಕಬೇಡಿ. ಅದರ ಮೈಮೇಲೆ ಸುತ್ತಲೂ ಎತ್ತರದ ಪಟ್ಟಿಗಳಿರುತ್ತವೆ. ಗದ್ದೆಯಲ್ಲಿ ಪಕ್ಕಕ್ಕೆ ಜಾರದ ಹಾಗೆ ಮಾಡಿದ್ದು, ಎಂಜಿನಿನ ಬಲವನ್ನು ನೆಲಕ್ಕೆ ಕೊಡುವುದಕ್ಕಲ್ಲ. ಅದಕ್ಕಿಂತ ಮುಖ್ಯ ವೇಗ. ಟಯರಿನ ಪಕ್ಕದಲ್ಲಿ ಎ6 ಅಂತಿದ್ದರೆ ಗಂಟೆಗೆ 30 ಕಿಲೋಮೀಟರ್, ಎ8 ಅಂತಿದ್ದರೆ 40. ಚಾರ್ಮಾಡಿ ಘಾಟಿ ಇಳಿಯುವಾಗ 50ರಲ್ಲಿ ಅದು ಬಿಸಿಯಾಗಿ ಬಿಟ್ಟುಕೊಟ್ಟರೆ ಮುಂದಿನ ಕಥೆ ಹೇಳುವುದು ಬೇಡ. ಜೀಪಿಗೆ, ಸಣ್ಣ ಸರಕು ಗಾಡಿಗೆ ಅಂತಲೇ ತಯಾರಾದ 6.00-16 ಬೇರೆ ಇದೆ. ನಮ್ಮ ದೇಶದ ಕಂಪನಿಗಳೇ ಮಾಡಿವೆ. ಅಂಗಡಿಯವರ ಹತ್ತಿರ ಸೈಜ್ ಮಾತ್ರ ಹೇಳಬೇಡಿ, "ಜೀಪ್ ಟಯರ್, ರಸ್ತೆಗೆ" ಅಂತ ಒತ್ತಿ ಹೇಳಿ, ಬಂದ ಮೇಲೆ ಪಕ್ಕದ ಬರಹ ಓದಿ. ಸ್ಟಾಕ್ ಇರುವುದಿಲ್ಲ, ಐದಕ್ಕೆ ಒಟ್ಟಿಗೆ ಆರ್ಡರ್ ಕೊಡಿ.

ಐದೂ ಯಾಕೆ ಒಟ್ಟಿಗೆ? ಈ ಜೀಪಿನ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಎರಡೂ ಆಕ್ಸಲ್‌ಗೆ ಬಲ ಹಂಚುವ ಗೇರ್ ಪೆಟ್ಟಿಗೆಯಲ್ಲಿ, ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಇಲ್ಲ. ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಮುಂದೆ ಹೊಸ ಟಯರ್, ಹಿಂದೆ ಸವೆದದ್ದು ಇದ್ದರೆ ಸುತ್ತಳತೆ ಬೇರೆ ಆಗುತ್ತದೆ. ಒಂದು ಇನ್ನೊಂದನ್ನು ಎಳೆಯುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಲೆಕ್ಕ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಗೇರ್ ಮೇಲೆ ಬೀಳುತ್ತದೆ, ಲಿವರ್ ಬಿಡಿಸಲು ಬರುವುದಿಲ್ಲ. ಬೇರೆ ಬೇರೆ ಕಂಪನಿಯ ಟಯರುಗಳು ಒಂದೇ ಸೈಜ್ ಬರೆದಿದ್ದರೂ ಅಳತೆಯಲ್ಲಿ ವ್ಯತ್ಯಾಸ ಇರುತ್ತದೆ. ಅದೇ ತರ ಕ್ರಾಸ್‌ಪ್ಲೈ ಜೊತೆ ರೇಡಿಯಲ್ (ನೂಲು ಅಂಚಿನಿಂದ ಅಂಚಿಗೆ ನೇರ ಹಾಯುವ ಟಯರ್) ಬೆರೆಸಬೇಡಿ.

ಯುದ್ಧದ ಫೋಟೊಗಳಲ್ಲಿ ಕಾಣುವ ದಪ್ಪ ದಪ್ಪ ಗಟ್ಟಿಯ ಟಯರ್ ಬೇಕು ಅಂತ ನಿಮಗೂ ಅನ್ನಿಸಬಹುದು. ಅದನ್ನು ಎನ್‌ಡಿಟಿ ಅನ್ನುತ್ತಾರೆ, ದಿಕ್ಕಿಲ್ಲದ ಗೆರೆಯ ಟಯರ್. ಜೀಪು ಯಾವ ಕಡೆ ಹೋಯಿತು ಅಂತ ಶತ್ರುವಿಗೆ ತಿಳಿಯಬಾರದು ಅಂತ ಹಾಗೆ ಮಾಡಿದ್ದು ಅನ್ನುವ ಕಥೆ ಪ್ರತಿ ರ‍್ಯಾಲಿಯಲ್ಲೂ ಕೇಳುತ್ತೇನೆ. ಕಥೆ ಚೆನ್ನಾಗಿದೆ. ಕಾರಣ ಅಷ್ಟು ರೋಚಕ ಅಲ್ಲ. ಮುಂದೆ ಹೋದರೂ ಹಿಂದೆ ಹೋದರೂ ಒಂದೇ ಹಿಡಿತ, ಒಂದು ಟಯರನ್ನು ಯಾವ ಮೂಲೆಗೂ ಹಾಕಬಹುದು, ಅಷ್ಟೇ. ಒದ್ದೆ ಡಾಂಬರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ನಿಮ್ಮೂರಿಗೆ ಅದು ಬೇಡ. 1962ರ ಗಾಡಿಗೆ ಅದು ಬೇಕಾಗಿಯೂ ಇಲ್ಲ.

ವಿದೇಶದಿಂದ ಟಯರ್ ತರಿಸಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ಟೆನೆಸಿಯಲ್ಲಿ ಕೋಕರ್ ಕಂಪನಿ ಹಳೆ ಬ್ರ್ಯಾಂಡುಗಳ ಹೆಸರಿನಲ್ಲೇ ಹಳೆ ಗೆರೆಯ ಟಯರ್ ಮಾಡುತ್ತದೆ, ಇಂಗ್ಲೆಂಡಿನಲ್ಲೂ ಅಂಥವರಿದ್ದಾರೆ. ಆದರೆ 2020ರ ಜೂನ್‌ನಿಂದ ಕಾರು, ಬಸ್ಸು, ಲಾರಿಯ ಹೊಸ ಟಯರುಗಳ ಆಮದು ನಿರ್ಬಂಧಿತ ಪಟ್ಟಿಯಲ್ಲಿದೆ. ಮೇಲೆ ಬಿಐಎಸ್ (ನಮ್ಮ ದೇಶದ ಗುಣಮಟ್ಟ ಸಂಸ್ಥೆ) ಗುರುತಿನ ನಿಯಮವೂ ಇದೆ. ದುಡ್ಡು ಕಳಿಸುವ ಮೊದಲು ಕಸ್ಟಮ್ಸ್ ಏಜೆಂಟರನ್ನು ಕೇಳಿ. 1928ರ ಫೋರ್ಡ್ ಮಾಡೆಲ್ ಎ ಇಟ್ಟುಕೊಂಡವರಿಗೆ ಬೇರೆ ದಾರಿಯಿಲ್ಲ. ಅದಕ್ಕೆ ಬೇಕಾದ್ದು 4.50-21, ಎರಡೇ ವರ್ಷ ಬಿಟ್ಟು 1930ರಲ್ಲಿ ಅದೇ ಕಾರು 4.75-19ಕ್ಕೆ ಇಳಿಯಿತು. 1932ಕ್ಕೆ 18 ಇಂಚು, 33ಕ್ಕೆ 17, 35ಕ್ಕೆ 16. ಒಂದೇ ಕಂಪನಿ, ಏಳು ವರ್ಷದಲ್ಲಿ ಐದು ಸೈಜ್! ಅವರ ಕಷ್ಟದ ಮುಂದೆ ನಿಮ್ಮದು ಏನೂ ಅಲ್ಲ. ಫಿಯೆಟ್, ಪದ್ಮಿನಿಯವರಿಗೆ 5.20-14, ಅಂಬಾಸಡರಿನವರಿಗೆ 5.90-15. ಇವೆರಡೂ ತುಂಬ ವರ್ಷ ಇಲ್ಲೇ ತಯಾರಾದವು, ಹಾಗಾಗಿ ಹಳೆ ಸ್ಟಾಕ್ ಅಲ್ಲಲ್ಲಿ ಸಿಗುತ್ತದೆ.

ಆ ಹಳೆ ಸ್ಟಾಕಿನ ಬಗ್ಗೆಯೇ ಹುಷಾರಾಗಿರಬೇಕು. "ಪ್ಯಾಕಿಂಗ್ ಬಿಚ್ಚಿಲ್ಲ ಸಾರ್, ಒರಿಜಿನಲ್" ಅನ್ನುತ್ತಾರೆ. ರಬ್ಬರು ಓಡದಿದ್ದರೂ ಮುದಿಯಾಗುತ್ತದೆ. ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಕು ಇರುತ್ತದೆ. 2319 ಅಂದರೆ 2019ರ 23ನೇ ವಾರ. ಮೂರೇ ಅಂಕಿ ಇದ್ದರೆ 2000ಕ್ಕಿಂತ ಹಿಂದಿನದು, ಅದು ಪ್ರದರ್ಶನದಲ್ಲಿ ನಿಲ್ಲಿಸುವುದಕ್ಕೆ ಮಾತ್ರ. ರೀಟ್ರೆಡ್ ಮಾಡಿಸಿದ ಹಳೆ ಟಯರಿಗೂ ಇದೇ ಮಾತು. ಮೇಲಿನ ರಬ್ಬರು ಹೊಸದು, ಒಳಗಿನ ನೂಲು ಹಳೆಯದೇ. ಟ್ಯೂಬ್ ಹೊಸದು ಹಾಕಿ. ಟ್ಯೂಬ್‌ಲೆಸ್ ಮಾಡಿಸುವ ಯೋಚನೆ ಬೇಡ, ಈ ಡಿಸ್ಕ್ ಅದಕ್ಕಾಗಿ ಮಾಡಿದ್ದಲ್ಲ.

ವಿಂಟೇಜ್ ನೋಂದಣಿ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದ ಖಾಸಗಿ ಗಾಡಿಗೆ 'ವಿಎ' ಅಕ್ಷರದ ನಂಬರ್ ಸಿಗುತ್ತದೆ. ಆದರೆ ಆಮೇಲೆ ಅದನ್ನು ದಿನನಿತ್ಯದ ಕೆಲಸಕ್ಕೆ ಓಡಿಸುವ ಹಾಗಿಲ್ಲ. ತೋಟಕ್ಕೆ ಗೊಬ್ಬರ ಹೊರಿಸುವ ಯೋಚನೆ ಇದ್ದರೆ ಇದಕ್ಕೆ ಕೈ ಹಾಕಬೇಡಿ.

ಈಗ ಲಾರಿ. ಟೆಲ್ಕೊ (ಈಗಿನ ಟಾಟಾ ಮೋಟಾರ್ಸ್) 1954ರಿಂದ ಮರ್ಸಿಡಿಸ್ ಹೆಸರಿನ ಲಾರಿ ಜಮ್ಶೆಡ್‌ಪುರದಲ್ಲಿ ಮಾಡಿತು, ಆ ಜೋಡಿ 1969ರವರೆಗೆ ನಡೆಯಿತು. ನಿಮ್ಮದು ಆ ಕಾಲದ್ದು. 8.25-20 ಅದಕ್ಕೆ ಒಪ್ಪುವ ಸೈಜ್. ಅಂಗಡಿಯವರು "9.00-20 ಹಾಕಿ ಸಾರ್, ಎಲ್ಲಾ ಕಡೆ ಸಿಗುತ್ತೆ" ಅನ್ನುತ್ತಾರೆ. 8.25ಕ್ಕೆ ಆರೂವರೆ ಇಂಚಿನ ರಿಮ್, 9.00ಕ್ಕೆ ಏಳು ಇಂಚಿನದು. ಬರೀ ಟಯರ್ ಬದಲಾಯಿಸಿದರೆ ಹಿಂದಿನ ಜೋಡಿ ಚಕ್ರಗಳ ಹೊಟ್ಟೆ ಒಂದಕ್ಕೊಂದು ತಾಗುತ್ತದೆ. ಆರ್ಡರ್ ಕೊಟ್ಟು 8.25 ತರಿಸಿ.

ನಾನು ಹೆದರಿದ್ದು ಟಯರಿಗಲ್ಲ, ಲಾಕ್ ರಿಂಗಿಗೆ. ಲಾರಿಯ ಈ ರಿಮ್ ಒಂದೇ ತುಂಡಲ್ಲ. ಟಯರ್, ಟ್ಯೂಬ್, ಫ್ಲಾಪ್ (ಟ್ಯೂಬಿಗೂ ರಿಮ್ಮಿಗೂ ನಡುವಿನ ರಬ್ಬರ್ ಪಟ್ಟಿ) ಕೂರಿಸಿದ ಮೇಲೆ ಪಕ್ಕದಲ್ಲಿ ಒಂದು ಉಕ್ಕಿನ ಬಳೆ ಸಿಕ್ಕಿಸುತ್ತಾರೆ. ಒಳಗಿನ ಗಾಳಿಯೇ ಅದನ್ನು ತೋಡಿಗೆ ಒತ್ತಿ ಹಿಡಿಯುವುದು. ಇಪ್ಪತ್ತು ವರ್ಷದ ತುಕ್ಕು ಆ ತೋಡನ್ನು ತಿಂದಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಲಾರಿ ಟಯರಿಗೆ 90, 100 ಪೌಂಡ್ ಗಾಳಿ ತುಂಬಿದಾಗ ಬಳೆ ಹಾರಿತು ಅಂದರೆ ಎದುರಿಗೆ ಇದ್ದವನ ತಲೆ ಉಳಿಯುವುದಿಲ್ಲ. ಅಮೆರಿಕದಲ್ಲಿ ಇಂಥ ಸಾವುಗಳಾದ ಮೇಲೆ 1980ರಲ್ಲಿ ಕಾನೂನೇ ಬಂತು, ಪಂಜರದೊಳಗೆ ಇಟ್ಟೇ ಗಾಳಿ ತುಂಬಬೇಕು ಅಂತ.

ಆದ್ದರಿಂದ ಲಾರಿಯನ್ನು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ. ಚಕ್ರದ ನಟ್ ಮುಟ್ಟುವ ಮೊದಲೇ ಪ್ರತಿ ಟ್ಯೂಬಿನ ವಾಲ್ವ್ ಪಿನ್ ಪೂರ್ತಿ ತೆಗೆಯಿರಿ, ಗಾಳಿ ಇಲ್ಲ ಅನ್ನಿಸಿದರೂ ತೆಗೆಯಿರಿ. ವಾಲ್ವಿನೊಳಗೆ ಒಂದು ತಂತಿ ಆಡಿಸಿ, ಕೊಳೆ ಕಟ್ಟಿಕೊಂಡು ಗಾಳಿ ಒಳಗೇ ನಿಂತಿರಬಹುದು. ಜೋಡಿ ಚಕ್ರದಲ್ಲಿ ಒಳಗಿನದನ್ನು ಮರೆಯಬೇಡಿ. ಚಕ್ರಗಳನ್ನು ದೊಡ್ಡ ಲಾರಿ ಟಯರ್ ಅಂಗಡಿಗೆ ಸಾಗಿಸಿ. ಹೆದ್ದಾರಿ ಬದಿಯ ಪಂಚರ್ ಅಂಗಡಿ ಬೇಡ, ಪಂಜರ ಇರುವ ಕಡೆ ಹೋಗಿ. ರಿಮ್ಮನ್ನು ಬರೀ ಕಬ್ಬಿಣ ಕಾಣುವವರೆಗೆ ಬ್ಲಾಸ್ಟ್ ಮಾಡಿಸಿ ತೋಡು ನೋಡಿ. ಬಳೆಯ ಮೇಲೂ ರಿಮ್ಮಿನ ಮೇಲೂ ಅಚ್ಚಿನ ಗುರುತು ಇರುತ್ತದೆ. ಎರಡೂ ಒಂದಕ್ಕೊಂದು ಸೇರಿದವೇ ಆಗಿರಬೇಕು. ಗುಜರಿಯಿಂದ ಇನ್ನಾವುದೋ ಬಳೆ ತಂದು ಸುತ್ತಿಗೆಯಲ್ಲಿ ಹೊಡೆದು ಕೂರಿಸುವವರಿದ್ದಾರೆ. ಅಂಥ ಕಡೆಯಿಂದ ಚಕ್ರ ಹೊತ್ತುಕೊಂಡು ಎದ್ದು ಬನ್ನಿ. ಬಳೆಯ ಎರಡು ತುದಿಗಳ ನಡುವಿನ ಸಂದು, ಅಚ್ಚಿನ ಗುರುತು, ತೋಡು ಮೂರೂ ಕಾಣುವ ಹಾಗೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಿ. ಅದನ್ನು ನೋಡಿ ಆ ರಿಮ್ ಇಟ್ಟುಕೊಳ್ಳಬೇಕೋ ಗುಜರಿಗೆ ಹಾಕಬೇಕೋ ಹೇಳುತ್ತೇನೆ.